ಕೌಶಲ್ಯಪತ್ರ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಸಂಪ್ರದಾಯವಾದುದರಿಂದ, ಮೈಸೂರು ನಗರದಲ್ಲಿ ಗಾರೆ ಕೆಲಸ ಮಾಡುವವನೊಬ್ಬನು ತಾನು ಗಾರೆ ಕೆಲಸವನ್ನು ಬಲ್ಲೆನೆಂದು ಕಾಗದಮುಖೇನ ಸಿದ್ಧಪಡಿಸುವ ಪರಿಯನ್ನು ವಿವೇಚಿಸಹೊರಟಿರುವ ಈ ಪ್ರಬಂಧವೂ ಆ ಮರ್ಯಾದೆಯನ್ನು ಮೀರಲಾರದು. ಈ ಶಾಸ್ತ್ರದ ವಿಷಯವು ಕಾರ್ಡು. ಇದರ ಪ್ರಯೋಜನವು ಇನ್ನೊಂದು ಕಾರ್ಡು. ಸಂಬಂಧವೆಂಬುದು ಮೊದಲನೆಯ ಕಾರ್ಡಿಗೂ ಎರಡನೆಯ ಕಾರ್ಡಿಗೂ ಯಾವ ಸಂಬಂಧವೂ ಇಲ್ಲದಿರುವಿಕೆ. ಅಧಿಕಾರಿಯು ಊಟಕ್ಕೆ ಹೋಗಿದ್ದಾರೆ. ಮೂರು ಗಂಟೆಯ ಮೇಲೆ ಬರುತ್ತಾರೆ.

ಇನ್ನು ಲಕ್ಷಣ ವಿಚಾರ. ಯಾವುದನ್ನು ತಂದು ತೋರಿಸಿದೊಡನೆ ತರದೆ ಇರುವ ಮತ್ತೊಂದರ ಜ್ಞಾನವು ಗವಾಕ್ಷಿಯ ಆಚೆ ಕುಳಿತವರಲ್ಲಿ ತತ್‌ಕ್ಷಣವೇ ಉದಿಸುವುದೋ ಅದು ಕಾರ್ಡು. ಈ ಲಕ್ಷಣವು ರೇಷನ್ ಕಾರ್ಡಿಗೂ ಅನ್ವಯಿಸುವುದರಿಂದ ಅತಿವ್ಯಾಪ್ತಿ ದೋಷ ಸಂಭವಿಸಿತೆಂದು ಪೂರ್ವಪಕ್ಷಿಯು ಆಕ್ಷೇಪಿಸಬಹುದು. ಅದನ್ನೂ ಒಂದು ಜೆರಾಕ್ಸ್ ಮಾಡಿಸಿ ಲಗತ್ತಿಸಿಬಿಡಿ ಎಂಬುದೇ ಸಿದ್ಧಾಂತಿಯ ಉತ್ತರ.

ಇಂತಹ ಕಾರ್ಡು ಅಷ್ಟವಿಧ. ಮೊದಲನೆಯದು ಜನರು ಲೇಬರ್ ಕಾರ್ಡು ಎಂದು ಕರೆಯುವ ನೋಂದಣಿ ಚೀಟಿ. 1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿ ಒಂದು ಕಾಯಿದೆಯನ್ನೂ, ಕಟ್ಟಡದ ವೆಚ್ಚದ ಮೇಲೆ ಸುಂಕ ವಿಧಿಸಲು ಅದರ ಜೊತೆಗೊಂದು ಕಾಯಿದೆಯನ್ನೂ ಮಾಡಿತು. ಕರ್ನಾಟಕದ ನಿಯಮಗಳು ಹುಟ್ಟಿದ್ದು 2006ರಲ್ಲಿ, ಎಂದರೆ ಹತ್ತು ವರ್ಷಗಳ ಗರ್ಭವಾಸದ ತರುವಾಯ. ಕಟ್ಟಡ ವೆಚ್ಚದ ನೂರಕ್ಕೆ ಒಂದು ಪಾಲು ಸೆಸ್ಸಾಗಿ ಕಲ್ಯಾಣ ಮಂಡಳಿಗೆ ಸಂದಾಯವಾಗತಕ್ಕದ್ದು; ಆ ನಿಧಿಯಿಂದ ಕೂಲಿಯವರ ಹೆರಿಗೆಗೆ, ಮಕ್ಕಳ ಓದಿಗೆ, ಮದುವೆಗೆ, ಅಪಘಾತಕ್ಕೆ, ಅರವತ್ತು ದಾಟಿದ ಮೇಲೆ ಪಿಂಚಣಿಗೆ ಸಹಾಯ ದೊರೆಯತಕ್ಕದ್ದು. ಎರಡನೆಯದು 2021ರ ಆಗಸ್ಟ್‌ನಲ್ಲಿ ಅವತರಿಸಿದ ಇ-ಶ್ರಮ್ ಕಾರ್ಡು. ಅದರಲ್ಲಿ ಹನ್ನೆರಡು ಅಂಕೆಗಳಿವೆ, ಅದಕ್ಕಿಂತ ಹೆಚ್ಚಾಗಿ ಅದರಲ್ಲಿ ಏನಿದೆಯೆಂದು ಅದನ್ನು ಮಾಡಿಸಿಕೊಂಡ ಯಾರೂ ನನಗೆ ತಿಳಿಸಲು ಶಕ್ತರಾಗಲಿಲ್ಲ. ಮೂರನೆಯದೇ ನಮ್ಮ ಪ್ರಧಾನ ವಿಷಯವಾದ ಕೌಶಲ್ಯ ಪ್ರಮಾಣಪತ್ರ. 2013ರಲ್ಲಿ ದೇಶವು ಸಮಸ್ತ ವಿದ್ಯೆಗಳನ್ನೂ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುವ ರಾಷ್ಟ್ರೀಯ ಕೌಶಲ್ಯ ಅರ್ಹತಾ ಚೌಕಟ್ಟನ್ನು ಕಟ್ಟಿಕೊಂಡಿತು. ಗಾರೆಯವನ ಸಹಾಯಕನು ಒಂದನೆಯ ಮೆಟ್ಟಿಲಿನಲ್ಲಿಯೂ ಪೂರ್ಣ ಪ್ರಮಾಣದ ಗಾರೆಯವನು ನಾಲ್ಕನೆಯದರಲ್ಲಿಯೂ ನಿಂತನು. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯು, ಶಾಲೆಯ ಮುಖ ಕಾಣದೆ ಕೆಲಸದಲ್ಲೇ ಕಲಿತವರಿಗಾಗಿ ‘ಪೂರ್ವ ಕಲಿಕೆಯ ಮಾನ್ಯತೆ’ ಎಂಬ ದ್ವಾರವನ್ನು ತೆರೆಯಿತು: ಕೆಲವು ಗಂಟೆಗಳ ಪರಿಚಯ ಬೋಧೆ, ಒಂದು ಪರೀಕ್ಷೆ, ಒಂದು ಪತ್ರ, ತೇರ್ಗಡೆಯಾದವನಿಗೆ 500 ರೂಪಾಯಿ. ಇಂಗ್ಲೆಂಡಿನಲ್ಲಿ 1995ರಿಂದ ಇಂಥದೇ ಕಾರ್ಡುಗಳಿದ್ದು, ಕೂಲಿಗೆ ಹಸಿರು, ಕುಶಲಕರ್ಮಿಗೆ ನೀಲಿ, ಮೇಲ್ವಿಚಾರಕನಿಗೆ ಚಿನ್ನದ ಬಣ್ಣವೆಂದು ವಿಭಾಗಿಸಿರುವರಂತೆ. ನಾವು ಬಣ್ಣ ಹಾಕಲಿಲ್ಲ. ಆ ಬಗೆಯ ವಿಭಾಗಗಳು ನಮ್ಮಲ್ಲಿ ಮೊದಲಿನಿಂದಲೇ ಸಾಕಷ್ಟಿದ್ದುವು.

ನಾಲ್ಕನೆಯದರಿಂದ ಎಂಟನೆಯದರವರೆಗಿನ ಪ್ರಭೇದಗಳನ್ನು ಇಲ್ಲಿಗೆ ಬಿಡುತ್ತೇನೆ. ಅವುಗಳ ಹೆಸರನ್ನು ಬರೆದುಕೊಂಡಿದ್ದ ಚೀಟಿಯನ್ನು ಸೈಬರ್ ಅಂಗಡಿಯವನು ಅರ್ಜಿಯ ಜೊತೆಗೆ ಪಿನ್ ಹೊಡೆದು ಕಳುಹಿಸಿಬಿಟ್ಟಿದ್ದಾನೆ.

ಪ್ರಮಾಣ ವಿಚಾರಕ್ಕೆ ಬರೋಣ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪುತ್ತಾರೆ. ಗೋಡೆಯೊಂದು ನೆಟ್ಟಗೆ ನಿಂತಿದೆಯೆಂಬುದು ಪ್ರತ್ಯಕ್ಷ. ಅದನ್ನು ಕಟ್ಟಿದವನು ಕೆಲಸ ಬಲ್ಲವನೆಂಬುದು ಅನುಮಾನ. ಸೋಮನಾಥಪುರದ ದೇಗುಲದಲ್ಲಿ 13ನೆಯ ಶತಮಾನದ ಶಿಲ್ಪಿ ಮಲ್ಲಿತಮ್ಮನು ತಾನು ಕಡೆದ ವಿಗ್ರಹಗಳ ಅಡಿಯಲ್ಲಿ ತನ್ನ ಹೆಸರನ್ನು ತಾನೇ ಕೆತ್ತಿಕೊಂಡನು. ಅದನ್ನು ಏಳುನೂರು ವರ್ಷಗಳಿಂದ ಲೋಕವು ನಂಬಿಕೊಂಡು ಬಂದಿರುವುದು ಆಡಳಿತದೃಷ್ಟಿಯಿಂದ ಶುದ್ಧ ಅಜಾಗರೂಕತೆ: ಗೆಜೆಟೆಡ್ ಅಧಿಕಾರಿಯ ಮೊಹರಿಲ್ಲ, ಎರಡು ಭಾವಚಿತ್ರಗಳಿಲ್ಲ. ಕನ್ನಂಬಾಡಿಯ ಕಟ್ಟೆಯನ್ನು ಸಿಮೆಂಟಿಲ್ಲದೆ ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆಯಿಂದ ಕಟ್ಟಿದವರಿಗೂ, 1897ರಲ್ಲಿ ಬೆಂಕಿಗಾಹುತಿಯಾದ ಅರಮನೆಯನ್ನು 1912ರ ಹೊತ್ತಿಗೆ ಮತ್ತೆ ಎತ್ತಿ ನಿಲ್ಲಿಸಿದವರಿಗೂ ಪೂರ್ವ ಕಲಿಕೆ ಇತ್ತೆಂಬುದಕ್ಕೆ ಕಟ್ಟೆ ಮತ್ತು ಅರಮನೆಗಳ ಹೊರತು ಬೇರೆ ಆಧಾರವಿಲ್ಲ. ಆದಕಾರಣ ಆಧುನಿಕರು ಪ್ರತ್ಯಕ್ಷವನ್ನು ತಿರಸ್ಕರಿಸಿ, ಶಬ್ದಪ್ರಮಾಣವೊಂದನ್ನೇ ಉಳಿಸಿಕೊಂಡು, ಅದಕ್ಕೂ ಕ್ಯೂಆರ್ ಕೋಡನ್ನು ಲಗತ್ತಿಸಿದ್ದಾರೆ.

ನೋಂದಣಿಯಾಗಬೇಕಾದವನು ಹದಿನೆಂಟರಿಂದ ಅರವತ್ತರೊಳಗಿನವನಾಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದಾನೆಂದು ಮಾಲೀಕನೋ ಮತ್ತೊಬ್ಬ ಅರ್ಹನೋ ಬರೆದುಕೊಡಬೇಕು. ನಮ್ಮ ಮನೆಯ ಕಾಂಪೌಂಡು ಕಟ್ಟಿದ ಮೇಸ್ತ್ರಿಯು ಆ ವರ್ಷ ಬೋಗಾದಿಯಲ್ಲಿ ಒಂದು ಸಂಪು, ದಟ್ಟಗಳ್ಳಿಯಲ್ಲಿ ಮೇಲಂತಸ್ತಿನ ಪ್ಲಾಸ್ಟರಿಂಗು, ವಿಜಯನಗರ ನಾಲ್ಕನೆಯ ಹಂತದಲ್ಲಿ ಯಾರೋ ನಿವೃತ್ತರ ಮನೆಯ ಮೆಟ್ಟಿಲು, ಹೀಗೆ ವರ್ಷವಿಡೀ ದುಡಿದಿದ್ದರೂ ಯಾವೊಬ್ಬ ಮಾಲೀಕನ ಬಳಿಯೂ ತೊಂಬತ್ತು ದಿನ ನಿಂತವನಲ್ಲ. ಆ ಮಾಲೀಕರಾದರೂ ಸಹಿ ಹಾಕುವರೇ? ಹಾಕಿದರೆ ತಾವು ಕೆಲಸ ಕೊಟ್ಟವರೆಂದಾಯಿತು. ಕೆಲಸ ಕೊಟ್ಟವರೆಂದಾದರೆ ಸೆಸ್ಸಿನ ಪ್ರಶ್ನೆ ಎದ್ದಿತು. ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ, ಹತ್ತು ಲಕ್ಷ ರೂಪಾಯಿ ಮೀರದ ಮನೆಯನ್ನು 1996ರ ಕಾಯಿದೆಯು ಹೊರಗಿಟ್ಟಿತ್ತಾದುದರಿಂದ, ಗೃಹಪ್ರವೇಶದ ದಿನ ಹೋಳಿಗೆ ಬಡಿಸುತ್ತ ಅರವತ್ತು ಲಕ್ಷವಾಯಿತೆಂದು ಹೇಳಿಕೊಳ್ಳುವ ಮನೆಯೇ ಕಾಗದದ ಮೇಲೆ ಒಂಬತ್ತೂ ಮುಕ್ಕಾಲು ಲಕ್ಷಕ್ಕೆ ಕುಗ್ಗಿ ಕುಳಿತುಕೊಳ್ಳುವ ಅಣಿಮಾ ಸಿದ್ಧಿಯನ್ನು ನಮ್ಮ ಬಡಾವಣೆಗಳಲ್ಲಿ ಕಾಣಬಹುದಾಗಿತ್ತು.

ಮೇಸ್ತ್ರಿಯ ಅಂಗಿಯ ಜೇಬಿನಲ್ಲಿ ಒಂದು ಹಾಜರಿ ಪುಸ್ತಕವಿರುತ್ತದೆ. ಬೆವರಿಗೆ ಅಂಚು ಸುರುಟಿಕೊಂಡ, ಪೆನ್ಸಿಲಿನಲ್ಲಿ ಬರೆದ ಆ ಪುಟ್ಟ ಪುಸ್ತಕದಲ್ಲಿ ಯಾರು ಯಾವ ದಿನ ಬಂದರು, ಯಾರು ಅರ್ಧ ದಿನಕ್ಕೆ ಹೊರಟರು, ಯಾರಿಗೆ ಎಷ್ಟು ಮುಂಗಡ ಹೋಯಿತು ಎಂಬುದೆಲ್ಲ ಇದೆ. ಶನಿವಾರದ ಬಟವಾಡೆಯಲ್ಲಿ ಹತ್ತು ಜನರ ಎದುರಿಗೆ ಪ್ರತಿವಾರವೂ ಅದರ ತನಿಖೆ ನಡೆಯುತ್ತದೆ, ಒಂದು ರೂಪಾಯಿ ತಪ್ಪಿದರೂ ಜಗಳವಾಗುತ್ತದೆ. ಇಷ್ಟು ಶುದ್ಧವಾದ ದಾಖಲೆ ಯಾವ ಕಚೇರಿಯಲ್ಲಿದೆಯೋ ನಾನರಿಯೆ. ಕಚೇರಿಯಲ್ಲಿ ಅದನ್ನು ತೆಗೆದು ತೋರಿಸಿದಾಗ, ನಮೂನೆಯಲ್ಲಿಲ್ಲ ಎಂಬ ಉತ್ತರ ಬಂದಿತು.

ಆಮೇಲೆ ಬೆರಳು. ಅರ್ಜಿಯು ಆಧಾರಿಗೆ ಕೂಡಬೇಕು, ಆಧಾರ್ ಹೆಬ್ಬೆಟ್ಟಿಗೆ ಕೂಡಬೇಕು. ಹಸಿ ಸಿಮೆಂಟು ಕ್ಷಾರ. ದಿನವೂ ಕಲೆಸು ಮುಟ್ಟುವ, ಇಟ್ಟಿಗೆಯ ಒರಟು ಮೈಗೆ ಉಜ್ಜುವ ಕೈಯಲ್ಲಿ ಬೆರಳಿನ ಗೆರೆಗಳು ಸವೆದು ಹೋಗುತ್ತವೆ. ಸೇವಾ ಕೇಂದ್ರದ ಬೆರಳಚ್ಚು ಯಂತ್ರವು ಮೇಸ್ತ್ರಿಯ ಹತ್ತು ಬೆರಳುಗಳನ್ನೂ ಒಂದಾದ ಮೇಲೊಂದು ನಿರಾಕರಿಸಿತು. ಮಗನ ವಯಸ್ಸಿನ ಹುಡುಗ, “ಒರೆಸ್ಕೊಂಡು ಒತ್ತಪ್ಪ, ಸರಿಯಾಗಿ ಒತ್ತು” ಎಂದ. “ಮೂವತ್ತು ವರ್ಷ ಗಾರೆ ಮುಟ್ಟಿದ ಕೈ ಸಾಮಿ, ಗೆರೆ ಎಲ್ಲಿಂದ ತರ್ಲಿ?” ಎಂದು ಈತ. “ಹಂಗಾದ್ರೆ ಒಂದ್ ವಾರ ಕೆಲಸಕ್ಕೆ ಹೋಗ್ಬೇಡ, ಕೊಬ್ರಿ ಎಣ್ಣೆ ಹಚ್ಕೊಂಡ್ ಬಾ.” ಕೆಲಸಗಾರನೆಂದು ಸಾಧಿಸಲು ಕೆಲಸ ಬಿಡಬೇಕು. ಈ ಯಂತ್ರದ ನ್ಯಾಯದಲ್ಲಿ ಎಷ್ಟು ಹೆಚ್ಚು ದುಡಿದನೋ ಅಷ್ಟು ಕಡಿಮೆ ಅವನು ಇದ್ದಾನೆ. ಕರಣೆಯನ್ನು ಮುಟ್ಟಿಯೇ ನೋಡದವನ ಬೆರಳನ್ನು ಅದು ಮೊದಲ ಸಲಕ್ಕೇ ಸ್ವೀಕರಿಸುತ್ತದೆ. ನಕಲಿ ಕಾರ್ಡುಗಳು ಲಕ್ಷಗಟ್ಟಲೆ ಸೇರಿಕೊಂಡಿವೆಯೆಂದು ಸರ್ಕಾರದವರೇ ಹೇಳಿ ರದ್ದುಮಾಡತೊಡಗಿದಾಗ ಆಶ್ಚರ್ಯಪಟ್ಟವರನ್ನು ಕಂಡು ನನಗೆ ಆಶ್ಚರ್ಯವಾಯಿತು.

ಕೌಶಲ್ಯ ಪರೀಕ್ಷೆಯ ವರ್ಣನೆಯನ್ನು ಶಾಸ್ತ್ರೋಕ್ತವಾಗಿ ಮಾಡಬೇಕೆಂದಿದ್ದೆ. ಬಾಡಿಗೆಯ ಒಂದು ಹಜಾರ, ಒಂದು ಟ್ಯಾಬ್ಲೆಟ್ಟು, ಗಾರೆ ಹಾಕದೆ ಪೇರಿಸಬೇಕಾದ ಮೂರು ವರಸೆ ಇಟ್ಟಿಗೆ, ಕರಣೆ ಹಿಡಿದು ನಿಂತ ಅಭ್ಯರ್ಥಿಯ ಫೋಟೋ. ಮೇಸ್ತ್ರಿಯು ಅಭ್ಯಾಸಬಲದಿಂದ ಮೊದಲು ರಸಮಟ್ಟವನ್ನು ನೆಲದ ಮೇಲಿಟ್ಟು ನೋಡಿದ. ಗುಳ್ಳೆ ಒಂದು ಬದಿಗೆ ಓಡಿತು. “ಸಾರ್, ನಿಮ್ಮ ನೆಲಾನೇ ಮಟ್ಟ ಇಲ್ಲ, ಇದರ ಮೇಲೆ ಗೋಡೆ ಎಬ್ಬಿಸಿದ್ರೆ ವಾಲ್ತದೆ” ಎಂದು ಪರೀಕ್ಷಕರಿಗೆ ವಿನಯದಿಂದಲೇ ನಿವೇದಿಸಿದ. ಅವರು ಟ್ಯಾಬ್ಲೆಟ್ಟಿನಲ್ಲಿ ಮೇಲೆ ಕೆಳಗೆ ಸರಿಸಿ ನೋಡಿ, ಅದಕ್ಕೆ ಇಲ್ಲಿ ಕಾಲಮ್ಮಿಲ್ಲ ಎಂದರು. ಆ ದಿನದ ಇಡೀ ಪರೀಕ್ಷೆಯಲ್ಲಿ ನಡೆದ ಕೌಶಲ್ಯದ ಕಾರ್ಯ ಅದೊಂದೇ, ಅದಕ್ಕೆ ಅಂಕವಿರಲಿಲ್ಲ.

ಪತ್ರವು ಬಂದಿತು. ಮೇಸ್ತ್ರಿಯು ಅದನ್ನು ಲ್ಯಾಮಿನೇಷನ್ ಮಾಡಿಸಿದ. ಕಂಟ್ರಾಕ್ಟರು ಅದನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟು, “ನಾಳೆ ಮೋಲ್ಡ್ ಇದೆ, ಆರು ಗಂಟೆಗೆ ಬಂದ್ಬಿಡು” ಎಂದರು. ಕೂಲಿ ಹೆಚ್ಚಲಿಲ್ಲ, ಹೆಚ್ಚಿಸಬೇಕೆಂದು ಯಾವ ಚೌಕಟ್ಟೂ ಅವರಿಗೆ ಹೇಳಿಲ್ಲ.

ಪೂರ್ವಪಕ್ಷಿಯು ಕೇಳಿಯಾನು, ಅದೇ ಕೆಲಸದಲ್ಲಿ ತಲೆಯ ಮೇಲೆ ಬಾಂಡ್ಲಿ ಹೊತ್ತು ಮೆಟ್ಟಿಲಿಲ್ಲದ ಸಾರವೆಯನ್ನು ದಿನಕ್ಕೆ ನೂರು ಸಲ ಹತ್ತಿಳಿಯುವ ಹೆಣ್ಣಾಳಿನ ಗತಿಯೇನೆಂದು. ಕಲೆಸು ನೀರಾಯಿತೋ ಗಟ್ಟಿಯಾಯಿತೋ ಎಂಬುದನ್ನು ಸಲಿಕೆಯ ತೂಕದಿಂದಲೇ ಬಲ್ಲ ಆಕೆಯನ್ನು ಕೂಲಿಯ ಪಟ್ಟಿಯು ಅಕುಶಲಳೆಂದು ಕರೆಯುತ್ತದೆ. ಇಪ್ಪತ್ತು ವರ್ಷದ ಮೇಲೂ ಅಕುಶಲಳೇ. ಇದಕ್ಕೆ ನನ್ನಲ್ಲಿ ಪಾರಿಭಾಷಿಕ ಉತ್ತರವಿಲ್ಲ. ಹೀಗೆ ಬರೆದವನು ಒಂದು ಬಾಂಡ್ಲಿ ಹೊತ್ತು ಒಂದು ಅಂತಸ್ತು ಹತ್ತಲಿ ಎಂದಷ್ಟೇ ಹೇಳಬಲ್ಲೆ.

2025ರ ಜನವರಿಯಲ್ಲಿ ನಮ್ಮ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡವನ್ನು ಕೆಡಹುವಾಗ ಅದು ಕುಸಿದು ಒಬ್ಬ ಕೂಲಿಯು ಅಡಿಯಲ್ಲಿ ಸಿಲುಕಿ ಸತ್ತನು. ಕೆಡಹುವುದೂ ಒಂದು ವಿದ್ಯೆ; ಯಾವ ಗೋಡೆಯು ಯಾವುದನ್ನು ಹೊತ್ತಿದೆಯೆಂದು ಅರಿತವನು ಎದುರು ನಿಂತು ಹೇಳದೆ ಅದನ್ನು ಮಾಡಿಸಬಾರದು. ಕೌಶಲ್ಯಕ್ಕೆ ಪ್ರಮಾಣಪತ್ರ ಬೇಕೆಂಬ ಮಾತು ಸುಳ್ಳಲ್ಲ. ಬೇಕು, ಅದನ್ನು ನಾನು ಅಣಕಿಸುತ್ತಿಲ್ಲ. ಆದರೆ ಪತ್ರವನ್ನು ಕೇಳಬೇಕಾದದ್ದು ಕೆಲಸ ಮಾಡಿಸುವವನನ್ನು, ಹಗ್ಗ ಹೆಲ್ಮೆಟ್ಟುಗಳನ್ನು ಕೊಡಬೇಕಾದವನನ್ನು, ಮೇಲೆ ನಿಂತು ನೋಡಬೇಕಾದವನನ್ನು. ಸತ್ತವನ ಹೆಂಡತಿಯು ಬಂದು ನಿಂತಾಗ, ಕಾರ್ಡು ಇತ್ತೇನಮ್ಮ, ನವೀಕರಣ ಆಗಿತ್ತೇನಮ್ಮ ಎಂದು ಕೇಳುವ ವ್ಯವಸ್ಥೆಗೆ, ಅವನು ಬದುಕಿದ್ದಾಗ ಕೆಲಸದ ಜಾಗಕ್ಕೆ ಒಮ್ಮೆ ಬಂದು ಹೋಗಲು ಪುರಸೊತ್ತಿರಲಿಲ್ಲವೆ?

ಬೇಕಾದದ್ದು ಇಷ್ಟೇ: ಕಚೇರಿಯವರೊಬ್ಬರು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಬಟವಾಡೆಯ ಹೊತ್ತಿಗೆ ಕಟ್ಟಡದ ಬಳಿಗೆ ಬರಲಿ, ಮೇಸ್ತ್ರಿಯ ಹಾಜರಿ ಪುಸ್ತಕವನ್ನು ನೋಡಿ ದಿನಗಳನ್ನು ಬರೆದುಕೊಳ್ಳಲಿ, ಗೋಡೆಯನ್ನು ನೋಡಿ ದರ್ಜೆಯನ್ನು ಬರೆದುಕೊಳ್ಳಲಿ, ಅಲ್ಲಿಯೇ ಕಾರ್ಡು ಕೊಟ್ಟು ಹೋಗಲಿ. ಈ ಸಿದ್ಧಾಂತವನ್ನು ನಾನು ಮೇಸ್ತ್ರಿಗೆ ಸವಿಸ್ತಾರವಾಗಿ ವಿವರಿಸಿದೆ. ಆತ ಬೀಡಿ ಆರಿಸಿ, ಕರಣೆ ತೊಳೆಯುತ್ತ, “ಬಟವಾಡೆ ಶನಿವಾರ ಅಲ್ವಾ ಸಾರ್, ಎರಡನೇ ಶನಿವಾರ ಅವ್ರಿಗೆ ರಜ, ನಾಲ್ಕನೇ ಶನಿವಾರಾನೂ ರಜ. ಮಿಕ್ಕಿದ್ ಶನಿವಾರ ಬೇಕಾದ್ರೆ ಕೇಳಿ ನೋಡಿ” ಎಂದ.