ಗಡಿಯಾಚೆಯ ಕನ್ನಡಕ್ಕೊಂದು ಡಿಜಿಟಲ್ ಗ್ರಂಥಾಲಯ: ಕಟ್ಟುವವರ ಕೈಪಿಡಿ

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡವನ್ನು ಕಂಪ್ಯೂಟರಿಗೆ ಏರಿಸಲು ಹೊರಟವರಿಗಾಗಿ ಈ ಕೈಪಿಡಿ. ಬೇಕಾಗುವ ಸಾಮಾನು: ಸ್ಕ್ಯಾನರ್ ಒಂದು, ಹಾರ್ಡ್ ಡಿಸ್ಕ್ ಎರಡು, ತಾಳ್ಮೆ ಸಿಕ್ಕಷ್ಟು. ಅನುದಾನ ಸಿಕ್ಕರೂ ಸ್ಕ್ಯಾನರ್ ಕೊಳ್ಳುವಷ್ಟರಲ್ಲಿ ಅದು ಮುಗಿದಿರುತ್ತದೆ. ಪಟ್ಟಿ ಬರೆಯುವವರಿಗೆ ಸಂಬಳ ಕೊಡಬೇಕೆಂಬುದು ಇದುವರೆಗೆ ಯಾವ ಯೋಜನಾ ವರದಿಗೂ ಹೊಳೆದಂತಿಲ್ಲ.

ಹಂತ 1: ಊರಿನ ಹೆಸರು ತುಂಬಿ

ಸುಲಭದ ಕೆಲಸವೆಂದು ಧರ್ಮಪುರಿಯ ನೊಳಂಬ ಶಾಸನದಿಂದ ಶುರುಮಾಡಿ. ನೊಳಂಬ ರಾಜ ಮಹೇಂದ್ರನ ಕಾಲದ್ದು. ಶಕ 815, ಅಂದರೆ ಕ್ರಿ.ಶ. 893. ನಿಧಿಯಣ್ಣ, ಚಂಡಿಯಣ್ಣ ಎಂಬಿಬ್ಬರು ತಗಡೂರಿನಲ್ಲಿ ಬಸದಿ ಕಟ್ಟಿಸಿದ ಸಂಗತಿ ಅದರಲ್ಲಿದೆ. ಆ ತಗಡೂರೇ ಇಂದಿನ ಧರ್ಮಪುರಿ. ಪಟ್ಟಿಯ ಫಾರಂನಲ್ಲಿ ‘ತಗಡೂರು’ ಎಂದು ತುಂಬಿದಿರೋ, ಹುಡುಕುವವನು ನಂಜನಗೂಡು ತಾಲ್ಲೂಕಿನಲ್ಲಿ ಇಳಿಯುತ್ತಾನೆ. ‘ಧರ್ಮಪುರಿ’ ಎಂದರೆ ತೆಲಂಗಾಣದ ಗೋದಾವರಿ ದಂಡೆಗೆ ಹೋಗಿ ನರಸಿಂಹಸ್ವಾಮಿಗೆ ಕೈಮುಗಿದು ಬರುತ್ತಾನೆ.

ಇನ್ನು ಜಿಲ್ಲೆ. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ. ಅದಕ್ಕೆ ಮುಂಚಿನ ಪುಸ್ತಕವಾದರೆ ‘ಸೇಲಂ’ ಎನ್ನಿ. 1792ಕ್ಕೂ ಹಿಂದಿನ ಕಾಗದವಾದರೆ ‘ಮೈಸೂರು’ ಎನ್ನಬೇಕು, ಏಕೆಂದರೆ ಟಿಪ್ಪು ಈ ಸೀಮೆಯನ್ನೊಳಗೊಂಡ ಬಾರಾಮಹಲನ್ನು ಕಂಪನಿಗೆ ಬಿಟ್ಟುಕೊಟ್ಟದ್ದು ಆ ವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ. ಫಾರಂ ಮಾತ್ರ ಒಂದೇ ಉತ್ತರ ಕೇಳುತ್ತದೆ. ಎರಡು ಬರೆದರೆ ಕೆಂಪು ಗೆರೆ ಎಳೆಯುತ್ತದೆ.

ಈ ನೊಳಂಬ ಶಾಸನವನ್ನು ಬಿ.ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹುಡುಕಬೇಡಿ. ಆ ಸಂಪುಟಗಳು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಎಲ್ಲೆಯಲ್ಲೇ ನಿಂತವು. ಧರ್ಮಪುರಿಯದನ್ನು ಎಚ್. ಕೃಷ್ಣಶಾಸ್ತ್ರಿಗಳು ‘ಎಪಿಗ್ರಾಫಿಯಾ ಇಂಡಿಕಾ’ದ 10ನೇ ಸಂಪುಟದಲ್ಲಿ ಪ್ರಕಟಿಸಿದರು, ಪಾಠ ರೋಮನ್ ಅಕ್ಷರದಲ್ಲಿ. ಹಾಗಾಗಿ ಕನ್ನಡದಲ್ಲಿ ಟೈಪಿಸಿ ಹುಡುಕುವ ಕನ್ನಡಿಗನಿಗೆ ಈ ಕನ್ನಡ ಶಾಸನ ಸಿಗುವುದಿಲ್ಲ. ಇದನ್ನು ದೋಷವೆಂದು ಭಾವಿಸದೆ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಅಕ್ಷರ ಗುರುತಿಸಿ

ಅಚ್ಚಾದ ಕನ್ನಡವನ್ನು ಓದುವ ತಂತ್ರಾಂಶಗಳಿವೆ. ಟೆಸರಾಕ್ಟ್ ಬಿಟ್ಟಿ ಸಿಗುತ್ತದೆ. ಹಳೆಯ ಅಚ್ಚಿನಲ್ಲಿ ಒತ್ತಕ್ಷರ ಮಸುಕಾಗಿದ್ದರೆ ತಂತ್ರಾಂಶ ತನಗೆ ತೋಚಿದ್ದನ್ನು ಓದುತ್ತದೆ. ಅರ್ಕಾವತ್ತು ಕಂಡರೆ ಕನ್ನಡದ ಒಂಬತ್ತೆಂದು ಬಗೆದು ‘ಧಮ೯ಪುರಿ’ ಎಂದು ಕೊಟ್ಟೀತು. ನೊಳಂಬರ ಕಾಲದ ೞ ಬಂದರೆ ಗಾಬರಿ ಬೇಡ, ಯುನಿಕೋಡ್‌ನಲ್ಲಿ ಅದಕ್ಕೂ ಜಾಗವಿದೆ. ಆದರೆ ಅಲ್ಲಿ ಅದರ ಅಧಿಕೃತ ಹೆಸರು ‘ಫ’! ಯಾರೋ ತಪ್ಪು ಬರೆದರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡ್‌ನ ನಿಯಮ. ಸರಿಯಾದ ಹೆಸರನ್ನು ಆಮೇಲೆ ಅಡ್ಡಹೆಸರಾಗಿ ಸೇರಿಸಿದರು.

ಹಂತ 3: ಭಾಷೆ ಆರಿಸಿ

ಇಲ್ಲಿ ಅವಸರ ಬೇಡ. ಸೇಲಂನ ಅನೇಕ ದೇವಾಂಗ ನೇಕಾರರ ಮನೆಗಳಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಯುವುದು ತಮಿಳು. ಅಂಥ ಮನೆಯವರು ಚೌಡೇಶ್ವರಿಯ ಹಾಡನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದಾದರೆ ಮಾತು ಕನ್ನಡದ್ದು, ಅಕ್ಷರ ತಮಿಳಿನದು. ನಿಮ್ಮ ಪಟ್ಟಿಯಲ್ಲಿ ಭಾಷೆಗೆ ಒಂದೇ ಕಾಲಂ ಇದ್ದು ಲಿಪಿಗೆ ಬೇರೆ ಇಲ್ಲದಿದ್ದರೆ, ನೋಡಿದವರು ‘ತಮಿಳು’ ಎಂದು ತುಂಬುತ್ತಾರೆ; ಅಲ್ಲಿಗೆ ಆ ಹಾಡು ಕನ್ನಡದ ಲೆಕ್ಕದಿಂದ ಹೊರಬಿತ್ತು.

ಸರಿಯಾಗಿ ತುಂಬಿದರೂ ಕೆಲಸ ಮುಗಿಯದು. ತಮಿಳಿನ ಒಂದೇ ಒಂದು ‘ಕ’ ನಮ್ಮ ಕ, ಖ, ಗ, ಘ ನಾಲ್ಕಕ್ಕೂ ದುಡಿಯುತ್ತದೆ. ಹಾಡಿನಲ್ಲಿ ಬಂದವನು ‘ಗಂಡ’ನೋ, ಅಲ್ಲಿರುವುದು ‘ಕಂಡ’ ಎಂಬ ಕ್ರಿಯೆಯೋ, ದೇವಿಯ ‘ಕಂಠ’ವೋ? ಮೂರನ್ನೂ ಬರೆಯುವುದು ಒಂದೇ ರೀತಿ. ತಮಿಳು ತಂತ್ರಾಂಶ ಅಕ್ಷರ ಓದೀತು, ಮಾತು ತಿಳಿಯದು. ಕನ್ನಡ ತಂತ್ರಾಂಶಕ್ಕೆ ಅಕ್ಷರವೇ ತಿಳಿಯದು. ಇದನ್ನು ಬಿಡಿಸಬಲ್ಲ ಉಪಕರಣ ಆ ಮನೆಯ ಅಜ್ಜಿ. ಖಾತರಿ ಅವಧಿ ನಮೂದಾಗಿಲ್ಲ. ಆದ್ದರಿಂದ ಮೊದಲು ಅಜ್ಜಿ ಹಾಡುವುದನ್ನು ಮೊಬೈಲಿನಲ್ಲಾದರೂ ಮುದ್ರಿಸಿಕೊಳ್ಳಿ. ನೋಟ್‌ಬುಕ್ ಆಮೇಲೆ. ಯೋಜನಾ ವರದಿ ಇದನ್ನು ತಿರುವುಮುರುವಾಗಿ ಹೇಳಿದರೆ ಯೋಜನಾ ವರದಿಯನ್ನು ಬದಿಗಿಡಿ.

ಹಂತ 4

(ಸ್ಕ್ಯಾನ್ ಮಾಡುವಾಗ ಈ ಪುಟ ಬಿಟ್ಟುಹೋಗಿದೆ.)

ಹಂತ 5: ಹಕ್ಕು

ಲೇಖಕರು ತೀರಿಕೊಂಡು 60 ವರ್ಷವಾಗಿದ್ದರೆ ಧಾರಾಳವಾಗಿ ಹಾಕಿ. ತೀರಿಕೊಂಡದ್ದು ಯಾವಾಗೆಂದು ಗೊತ್ತಿಲ್ಲದಿದ್ದರೆ, ಸಾಮಾನ್ಯವಾಗಿ ಗೊತ್ತಿರುವುದಿಲ್ಲ, ಮೊಮ್ಮಕ್ಕಳನ್ನು ಹುಡುಕಿ.

ಹಂತ 6: ಕಾಪಾಡಿ

ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಜಾಲಕ್ಕೇರಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸಣ್ಣ ಕೆಲಸವೇನಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್, ಅಮೆರಿಕದ ಕಾರ್ನೆಗಿ ಮೆಲನ್‌ನ ರಾಜ್ ರೆಡ್ಡಿ ಇಬ್ಬರೂ ಹೆಗಲು ಕೊಟ್ಟದ್ದು. ಅದರಲ್ಲಿ ಕನ್ನಡ ಪುಸ್ತಕಗಳ ಹೆಸರು ಬಾಯಿಗೆ ಬಂದ ಕಾಗುಣಿತದ ರೋಮನ್‌ನಲ್ಲಿತ್ತು. ‘ಪುಸ್ತಕ ಸಂಚಯ’ದ ಸ್ವಯಂಸೇವಕರು ಕೂತು ಆ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದ ಮೇಲೆಯೇ ನಮ್ಮಂಥವರಿಗೆ ಅಲ್ಲಿ ಏನಿದೆ ಎಂದು ತಿಳಿದದ್ದು. ಮುಂದೆ ಮೂಲ ಜಾಲತಾಣ ಮುಚ್ಚಿತು. ಪುಸ್ತಕಗಳ ದೊಡ್ಡ ಪಾಲು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡಿತು. ನೀವೂ ಒಂದು ಪ್ರತಿಯನ್ನು ಪರರ ಮನೆಯಲ್ಲಿಡಿ.

ದೂರುಗಳಿದ್ದರೆ

ಸಾಮಗ್ರಿ ಕನ್ನಡದ್ದಾದ್ದರಿಂದ ಬೆಂಗಳೂರಿಗೆ ಬರೆಯಿರಿ. ಊರು ತಮಿಳುನಾಡಿನದಾದ್ದರಿಂದ ಚೆನ್ನೈಗೆ ಬರೆಯಿರಿ ಎಂದು ಉತ್ತರ ಬರುತ್ತದೆ. ಚೆನ್ನೈಗೆ ಬರೆಯಿರಿ. ಭಾಷೆ ಕನ್ನಡವಾದ್ದರಿಂದ ಎಂದು ಶುರುವಾಗುವ ಉತ್ತರ ಬರುವವರೆಗೆ ಸ್ಕ್ಯಾನರಿಗೆ ಬಟ್ಟೆ ಮುಚ್ಚಿಡಿ, ಧೂಳು ಬೀಳುತ್ತದೆ.