ಹಿತ್ತಾಳೆ ಗಣಪನ ಚಲನಶಾಸ್ತ್ರ

1. ಪೀಠಿಕೆ

ಮೂರಂಗುಲದ ಹಿತ್ತಾಳೆ ಗಣಪನ ಬಗ್ಗೆ ನಮ್ಮ ವಿದ್ವತ್ ಲೋಕ ತಾಳಿರುವ ಮೌನ ಅಕ್ಷಮ್ಯ. ಊರೂರು ತಿರುಗಿ ವೀರಗಲ್ಲು ಎಣಿಸಿದವರೂ ತಮ್ಮದೇ ಮನೆಯ ಷೋಕೇಸಿನಲ್ಲಿ, ಮಗನ ಕ್ರಿಕೆಟ್ ಕಪ್ಪಿಗೂ ಗಾಜಿನ ತಾಜ್‌ಮಹಲಿಗೂ ನಡುವೆ ಕೂತ ಈ ಮೂರ್ತಿಯನ್ನು ಕಂಡೂ ಕಾಣದಂತಿದ್ದಾರೆ. ಆ ಕೊರತೆ ತುಂಬುವ ಭಾರ ಈ ಪ್ರಬಂಧದ ಮೇಲೆ ಬಿದ್ದಿದೆ.

2. ಲೋಹವಿಚಾರ

ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ಅಂಗಡಿಯವನು ಎರಡನ್ನೂ "ಪಂಚಲೋಹ ಸಾರ್" ಎನ್ನುತ್ತಾನೆ. ಇದು ಮೂರನೆಯ ಮತ. ಮೇಣದಲ್ಲಿ ಮೂರ್ತಿ ತಿದ್ದಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಲೋಹ ಎರೆಯುವ ಬಗೆಯನ್ನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಬರೆದಿಟ್ಟ. ಅಲ್ಲಿ ಅಚ್ಚು ಒಡೆದ ಮೇಲೇ ದೇವರು ಹೊರಬರುವುದು. ಹಾಗಾಗಿ ಒಬ್ಬನಂತೆ ಇನ್ನೊಬ್ಬನಿಲ್ಲ. ಲೋಹದ ವಿಗ್ರಹಗಳಿಗೆ ಹೆಸರಾದ ನಾಗಮಂಗಲ ನಮ್ಮಲ್ಲೇ ಇದೆ. ಆದರೆ ನಮ್ಮ ಕಥಾನಾಯಕ 'ಪೀತಲ್ ನಗರಿ' ಮುರಾದಾಬಾದಿನ ಕಡೆಯವನು. ಮರಳಚ್ಚಿನಲ್ಲಿ ಹುಟ್ಟಿ, ಲಾರಿ ಹತ್ತಿ ಬಂದವನು. ಅವನ ಅವಳಿಗಳಿಗೆ ಲೆಕ್ಕವಿಲ್ಲ. ಈ ಅಂಶ ಮುಂದೆ ಬೇಕಾಗುತ್ತದೆ.

3. ಸೊಂಡಿಲಮೀಮಾಂಸೆ

ಬಲಮುರಿ ಗಣಪನಿಗೆ ಮಡಿ ಹೆಚ್ಚು, ಸಂಸಾರಿಗಳಿಗೆ ಎಡಮುರಿಯೇ ಲೇಸು ಎಂಬುದು ವಾಡಿಕೆ. ಎಡವೆಂದರೆ ಅವನ ಎಡವೋ, ನೋಡುವವರ ಎಡವೋ? ಈ ವಿಷಯದಲ್ಲಿ ಅತ್ತೆಯದು ಒಂದು ಪಂಥ, ಸೊಸೆಯದು ಇನ್ನೊಂದು. ಸಮನ್ವಯ ಸಾಧಿಸಿದವನು ಅಂಗಡಿಯವನೇ: "ಕನ್ನಡಿ ಮುಂದೆ ಇಡಿ ಮೇಡಂ, ಎರಡೂ ಸಿಗುತ್ತೆ."

4. ಚಲನಸೂತ್ರ

ಮಣ್ಣಿನ ಗಣಪನ ಬಾಳು ಸರಳ. ಚೌತಿಗೆ ಬಂದ, ಕಡುಬು ತಿಂದ, ನೀರಿಗೆ ಹೋದ. ಹಿತ್ತಾಳೆಯವನು ಕರಗಲೊಲ್ಲ. ಎಸೆಯುವಂತಿಲ್ಲ, ದೇವರು; ಗುಜರಿಗೆ ಹಾಕುವಂತಿಲ್ಲ, ಪಾಪ. ಒಂದೇ ಮನೆಯಲ್ಲಿ ಮೂರು ಗಣಪತಿಗೆ ಪೂಜೆ ಸಲ್ಲದೆಂಬ ಹಿರಿಯರ ಮಾತು ಬೇರೆ. ಒಂದೇ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಏಳು ಬಂದರೆ ಗೃಹಸ್ಥ ಇಬ್ಬರನ್ನು ಉಳಿಸಿಕೊಂಡು, ಐವರನ್ನು ಡಬ್ಬಿ ಸಮೇತ ಬೀರುವಿನ ಮೇಲೆ ಕೂರಿಸಿ, ಮುಂದಿನ ಆಮಂತ್ರಣ ಪತ್ರಿಕೆಗೆ ಕಾಯುತ್ತಾನೆ. ಇದರಿಂದ ಹುಟ್ಟಿದ ಸೂತ್ರ: ಮಣ್ಣಿನ ಗಣಪನಿಗೆ ಕೆರೆಯಲ್ಲಿ ವಿಸರ್ಜನೆ, ಹಿತ್ತಾಳೆ ಗಣಪನಿಗೆ ಇನ್ನೊಬ್ಬರ ಗೃಹಪ್ರವೇಶದಲ್ಲಿ.

5. ಕ್ಷೇತ್ರಕಾರ್ಯ

ಸೂತ್ರವನ್ನು ಒರೆಗೆ ಹಚ್ಚಲು, ನಮ್ಮ ಬೀರುವಿನ ಮೇಲಿದ್ದ ಒಬ್ಬನ ಪೀಠದಡಿ, ಅವಳಿಗಳ ನಡುವೆ ಗುರುತು ಸಿಗಲೆಂದು, ಮೊಳೆಯಿಂದ ಗೀರೆಳೆದು ಷಡ್ಡಕನ ಹೊಸ ಮನೆಗೆ ಕೊಟ್ಟೆ. ಎರಡು ವರ್ಷದ ಮೇಲೆ, ಮಗಳ ಆರತಕ್ಷತೆಯಲ್ಲಿ, ಷಡ್ಡಕನ ಮುಖವನ್ನೇ ಕಂಡಿರದ ಸಹೋದ್ಯೋಗಿಯೊಬ್ಬರ ಕೈಯಿಂದ ಅದೇ ಗೀರು ಮರಳಿತು. ಸೂತ್ರ ಗೆದ್ದಿತೆಂದು ಬೀಗುತ್ತಿದ್ದೆ.

"ರೀ, ಹೋಗುವಾಗ ಕಪ್ಪಗಿದ್ದ. ಈಗ ನೋಡ್ರೀ," ಎಂದಳು ಹೆಂಡತಿ.

ನಿಜ. ಹುಣಸೆಯ ಹುಳಿಗೆ ಕಿಲುಬು ಬಿಡುತ್ತದೆ. ಯಾರೋ ಕೂತು ಉಜ್ಜಿದ್ದರು. ಕೊಡುವ ಮುನ್ನ ಹೊಳಪು ಕೊಟ್ಟಿರಬೇಕು ಎಂದು ಟಿಪ್ಪಣಿ ಬರೆಯಹೊರಟೆ. ಅವಳು ಸೊಂಡಿಲ ಸುರುಳಿಯೊಳಗೆ ಉಗುರಿಟ್ಟು ತೋರಿಸಿದಳು. ಎಷ್ಟು ಉಜ್ಜಿದರೂ ಹೋಗದಂತೆ ಕುಂಕುಮ ಕಚ್ಚಿಕೊಂಡಿತ್ತು. ನಡುವೆ ಯಾವುದೋ ಒಂದು ಮನೆಯಲ್ಲಿ ಇವನು ಉಡುಗೊರೆಯಾಗಿರಲಿಲ್ಲ. ಸೂತ್ರದಲ್ಲಿ ಇದಕ್ಕೆ ಜಾಗವಿಲ್ಲ.

6. ಉಪಸಂಹಾರ

ಚಾಡಿ ನಂಬುವವರನ್ನು ನಾವು ಹಿತ್ತಾಳೆ ಕಿವಿಯವರೆನ್ನುತ್ತೇವೆ. ನಮ್ಮ ನೆಂಟರು, ಅವರ ನೆಂಟರು ನಮ್ಮ ಬಗ್ಗೆ ಆಡಿದ್ದನ್ನೆಲ್ಲ ಎರಡು ವರ್ಷ ಅವರವರ ಮನೆಯಲ್ಲೇ ಕೂತು ಕೇಳಿದವನು ಇವನು. ಮೊರದಗಲದ, ಅಪ್ಪಟ ಹಿತ್ತಾಳೆಯ ಕಿವಿಗಳು.

ಆದರೂ ನಮ್ಮ ಮನೆಗೇ ಮರಳಿ ಬಂದ.