ಉಲ್ಲನ್ನಿನ ಮರ್ಜಿ

ಸ್ವೆಟರ್ ಹೆಣೆಯುವ ಹುಚ್ಚಿಗೂ ಬೆಂಗಳೂರಿನ ಹವಾಮಾನಕ್ಕೂ ತಾಳಮೇಳವೇ ಇಲ್ಲ. ದಾಖಲೆಯ ಪ್ರಕಾರ ಈ ಊರಿಗೆ ಅತಿ ಹೆಚ್ಚು ಚಳಿ ಬಿದ್ದದ್ದು 1884ರ ಜನವರಿ 13ರಂದು, 7.8 ಡಿಗ್ರಿ. ಆ ದಾಖಲೆ ಇನ್ನೂ ಹಾಗೇ ಇದೆ. ಅಂದರೆ ನಾನು ಕೈಗೆ ಕಡ್ಡಿ ಎತ್ತಿಕೊಳ್ಳುವುದಕ್ಕೆ ಎಷ್ಟೋ ಮೊದಲೇ ಸ್ವೆಟರಿನ ನಿಜವಾದ ಅಗತ್ಯ ಮುಗಿದುಹೋಗಿತ್ತು. ಆದರೂ ನವೆಂಬರ್ ಬಂದು ಸಂಜೆಯ ಗಾಳಿ ಒಂಚೂರು ಚುರುಕಾಯಿತೆಂದರೆ ಬೆರಳು ಸುಮ್ಮನಿರುವುದಿಲ್ಲ. ನಮ್ಮ ಮನೆಯವರು ಫ್ಯಾನ್ ಹಾಕಿಕೊಂಡು ಕೂತಿರುತ್ತಾರೆ. ಅದೇ ಫ್ಯಾನಿನ ಕೆಳಗೆ ನಾನು ಉಲ್ಲನ್ ಉಂಡೆ ಹರಡಿಕೊಂಡು ಕೂತಿರುತ್ತೇನೆ.

ಏನು ಹೆಣೆಯಬೇಕು ಎಂಬ ಯೋಜನೆ ಇದೆಯಲ್ಲ, ಅದು ಅಂಗಡಿಯಲ್ಲಿ ದುಡ್ಡು ಕೊಡುವವರೆಗೆ ಮಾತ್ರ. "ಏನಕ್ಕೆ ಮೇಡಂ?" ಎಂದು ಅಂಗಡಿಯವನು ಕೇಳಿದಾಗ ಹೇಳಲಿಕ್ಕೆ ಒಂದು ಉತ್ತರ ಬೇಕು, ಅಷ್ಟೇ. ಮನೆಗೆ ಬಂದ ಮೇಲೆ ಉಲ್ಲನ್ನಿನ ಮರ್ಜಿ. ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಎಡತೋಳಿಲ್ಲದ ಕಾರ್ಡಿಗನ್ ಇದೆ, ಜೊತೆಯಿಲ್ಲದ ಕಾಲುಚೀಲ ಇದೆ, ಶಾಲಾಗಲು ಹೊರಟು ದಿಂಬಿನ ಕವರಿಗೇ ತೃಪ್ತಿಪಟ್ಟುಕೊಂಡ ಚೌಕವಿದೆ.

ತಂಗಿಯ ಮಗಳು ಬಸುರಿ ಎಂದು ತಿಳಿದಾಗ ಹಳದಿ ಉಲ್ಲನ್ ತಂದೆ. ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ಮಾಡಬಾರದು ಎಂದು ತಂಗಿ ಗದರಿದಳು. ಸರಿ, ನಾಮಕರಣವಾದ ಮೇಲೆ ಶುರು ಮಾಡಿದೆ. ಮಗು ಬೆಳೆಯುವ ವೇಗದ ಮುಂದೆ ಯಾರ ಕೈಯೂ ಸಾಲದು. ಹಿಂಭಾಗ ಮುಗಿಯುವಷ್ಟರಲ್ಲಿ ಅವನು ಅಂಬೆಗಾಲಿಡುತ್ತಿದ್ದ, ತೋಳು ಮುಗಿಯುವಷ್ಟರಲ್ಲಿ ಎಲ್‌ಕೆಜಿ ಸೇರಿದ್ದ. ಕೊನೆಗೆ ಅದು ಅವನ ತಂಗಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿತು. ಹುಡುಗನಿಗೂ ಹುಡುಗಿಗೂ ಒಪ್ಪುವ ಬಣ್ಣ ಆರಿಸಿದ್ದೀರಿ, ಎಂಥ ದೂರದೃಷ್ಟಿ ಎಂದು ಬೀಗರು ಹೊಗಳಿದರು. ನಾನು ವಿನಯದಿಂದ ಸುಮ್ಮನಿದ್ದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ನಮ್ಮ ಜನ ಆಡಿಕೊಳ್ಳುತ್ತಾರೆ. ಈ ಗಾದೆ ಕಟ್ಟಿದವನು ತನ್ನ ಕೈಯಾರೆ ಏನನ್ನೂ ಮಾಡಿದವನಲ್ಲ ಎಂದು ನನ್ನ ಗುಮಾನಿ. ಗಣಪತಿಯ ಅಪ್ಪ ಎಂದರೆ ಸಾಕ್ಷಾತ್ ಶಿವ. ಬಂದ ಶಿವನನ್ನು ಪೂಜೆಗಿಟ್ಟುಕೊಳ್ಳುವುದು ಬಿಟ್ಟು ನಗುವಂಥದ್ದೇನಿದೆ?

ಈ ವಿದ್ಯೆಯಲ್ಲಿ ನನ್ನ ಗುರು ಚಿಕ್ಕಮಗಳೂರಿನ ದೊಡ್ಡಮ್ಮ. ಅವರಿಗೆ ಇಂಗ್ಲಿಷ್ ಬಾರದು. ಆದರೆ ಯಾವುದೋ ವಿಲಾಯತಿ ಪತ್ರಿಕೆಯಿಂದ ಹರಿದಿಟ್ಟ ಹಾಳೆಯ 'ಕೆ ಟೂ, ಪಿ ಟೂ'ಗಳನ್ನು ಲಲಿತಾ ಸಹಸ್ರನಾಮದಂತೆ ಸರಾಗವಾಗಿ ಒಪ್ಪಿಸುತ್ತಿದ್ದರು. ಅವರ ನಿಜವಾದ ಪ್ರತಿಭೆ ಇದ್ದದ್ದು ಬಿಚ್ಚುವುದರಲ್ಲಿ. ದೊಡ್ಡಪ್ಪನ ಸ್ವೆಟರಿನ ಮೊಣಕೈ ಸವೆದರೆ ಸಾಕು, ಪಕ್ಕದ ಹೊಲಿಗೆ ಬಿಡಿಸಿ, ಕತ್ತಿನ ಹತ್ತಿರ ಕೊನೆಯ ಗಂಟು ಹುಡುಕಿ ಎಳೆಯುತ್ತಿದ್ದರು. ಸರ್ರನೆ ಸಾಲಿಗೆ ಸಾಲೇ ಬಿಚ್ಚಿಕೊಂಡು ಬರುತ್ತಿತ್ತು. ಹಾಗೆ ಬಿಚ್ಚಿದ ದಾರ ನೆಟ್ಟಗಿರುವುದಿಲ್ಲ, ಹಳೆಯ ಕುಣಿಕೆಗಳ ಸುಕ್ಕು ಉಳಿದಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಸಿಕ್ಕಾಗದಂತೆ ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನ ಅಂಟುವಾಳದ ನೊರೆಯಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು, ಹಿತ್ತಲ ತಂತಿಗೆ ನೇತುಹಾಕುವುದು. ಲಡಿಯ ಕೆಳತುದಿಗೆ ಒಂದು ಹಿತ್ತಾಳೆ ಚೊಂಬು. ಅದರ ಭಾರಕ್ಕೆ ಸುಕ್ಕು ಬಿಟ್ಟು ದಾರ ನೆಟ್ಟಗಾಗುತ್ತಿತ್ತು. ಹೀಗೆ ದೊಡ್ಡಪ್ಪನ ಸ್ವೆಟರು ಅಣ್ಣನ ತೋಳಿಲ್ಲದ ಸ್ವೆಟರಾಗಿ, ಅಜ್ಜನ ಮಫ್ಲರಾಗಿ, ಕಡೆಗೆ ರೇಡಿಯೋಗೆ ಹೊದಿಕೆಯಾಯಿತು. ರೇಡಿಯೋಗೂ ಚಳಿಯೇ ಎಂದು ಯಾರೂ ಕೇಳಲಿಲ್ಲ. ಪ್ರಶ್ನೆ ಕೇಳಿದವರಿಗೆ ಎರಡೂ ಕೈ ಚಾಚಿ ಲಡಿ ಹಿಡಿದು ನಿಲ್ಲುವ ಕೆಲಸ ಬೀಳುತ್ತಿತ್ತು.

ಈಗ ನಾವು ಉಲ್ಲನ್ ಎನ್ನುವುದರಲ್ಲಿ ಬಹುಪಾಲು ಕುರಿಯ ಮುಖವನ್ನೇ ಕಾಣದ ಅಕ್ರಿಲಿಕ್. ಇರಲಿ, ಚುಚ್ಚುವುದಾದರೂ ಇಲ್ಲ. ಆದರೆ ಉಂಡೆಯ ಚೀಟಿಯಲ್ಲಿ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್ ಎಂದು ಇನ್ನೊಂದು ಇರುತ್ತದೆ. ಒಟ್ಟಿಗೆ ಬಣ್ಣ ಹಾಕಿದ್ದಕ್ಕೆಲ್ಲ ಒಂದೇ ಲಾಟ್. ಮುಂದಿನ ಸಲ ಹಾಕಿದಾಗ ಅದೇ ಬಣ್ಣ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಉಂಡೆಯಲ್ಲಿ ಕಣ್ಣಿಗೇ ಬೀಳದ ವ್ಯತ್ಯಾಸ ಸ್ವೆಟರಿನ ಎದೆಯ ಮೇಲೆ ಎದ್ದು ಕಾಣುತ್ತದೆ. ದೊಡ್ಡವರ ಸ್ವೆಟರಿಗೆ ನಾನೂರು–ಐನೂರು ಗ್ರಾಂ ಬೇಕು. ಮುನ್ನೂರಕ್ಕೇ ಅಂಗಡಿಯಲ್ಲಿ ಆ ಲಾಟ್ ಮುಗಿದರೆ? ಬೇರೆ ಬಣ್ಣ ತಂದು ಪಟ್ಟೆ ಹಾಕಬೇಕು. ಜಗತ್ತಿನ ಪಟ್ಟೆ ಸ್ವೆಟರುಗಳಲ್ಲಿ ಅರ್ಧಕ್ಕರ್ಧ ಹೀಗೆ ಹುಟ್ಟಿದವು ಎಂಬುದು ನನ್ನ ಸ್ವಂತ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಡಾಕ್ಟರೇಟ್ ಕೊಡಲು ಮುಂದೆ ಬಂದಿಲ್ಲ.

ಇಷ್ಟೆಲ್ಲ ಪಾಡು ಯಾಕೆ, ಕೊಂಡುಬಿಡಬಾರದೇ ಎನ್ನುತ್ತಾರೆ ನಮ್ಮ ಮನೆಯವರು. ಲೆಕ್ಕ ಅವರ ಪರವಾಗಿಯೇ ಇದೆ. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ ನೆಲೆ ಕಂಡ ಟಿಬೆಟನ್ನರ ಮನೆಗಳಿಂದ ಚಳಿಗಾಲಕ್ಕೆ ಬಂದು ಫುಟ್‌ಪಾತಿನಲ್ಲಿ ಸ್ವೆಟರ್ ಹರಡುವವರಿದ್ದಾರಲ್ಲ, ಅವರ ಬೆಲೆಗೆ ನನಗೆ ಬರೀ ಉಲ್ಲನ್ನೂ ಬರುವುದಿಲ್ಲ. ಒಮ್ಮೆ ಅಂಥ ಅಂಗಡಿಯಲ್ಲಿ ಒಬ್ಬಾಕೆ ವ್ಯಾಪಾರದ ನಡುವೆ ಕಡ್ಡಿ ಆಡಿಸುತ್ತಿದ್ದರು.

"ಇವೆಲ್ಲ ನೀವೇ ಹೆಣೆದದ್ದಾ?" ಎಂದೆ.

"ಇಲ್ಲ ಅಕ್ಕ, ಲೂಧಿಯಾನಾದಿಂದ ಬರತ್ತೆ."

"ಮತ್ತೆ ಕೈಯಲ್ಲಿರೋದು?"

"ಮೊಮ್ಮಗಳಿಗೆ. ಟೋಪಿ ಅಂತ ಶುರು ಮಾಡಿದೆ, ಈಗ ಚೀಲ ಆಗ್ತಾ ಇದೆ."

ಅಲ್ಲೇ ಸ್ನೇಹವಾಯಿತು. ಸ್ವೆಟರಿನ ಬೆಲೆಯಲ್ಲಿ ಮಾತ್ರ ಅವರು ಒಂದು ರೂಪಾಯಿಯೂ ಬಿಡಲಿಲ್ಲ.

ಮಗಳು ಟೊರಾಂಟೊಗೆ ಹೊರಟಾಗ, ಅಂತೂ ನನ್ನ ಕೈಕೆಲಸಕ್ಕೆ ಲಾಯಕ್ಕಾದ ಚಳಿ ಸಿಕ್ಕಿತು ಎಂದು ಹಿಗ್ಗಿದೆ. ವಿಡಿಯೋದಲ್ಲಿ ಅಮೆರಿಕದ ಹೆಂಗಸೊಬ್ಬರು ಎಂಟನೇ ನಂಬರ್ ಕಡ್ಡಿ ತೊಗೊಳ್ಳಿ ಎಂದರು. ಅವರ ಎಂಟು ಎಂದರೆ 5 ಮಿಲಿಮೀಟರ್, ನಮ್ಮ ಅಂಗಡಿಯ ಆರು. ಬ್ರಿಟಿಷರು ಬಿಟ್ಟುಹೋದ ನಮ್ಮ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅವರಲ್ಲಿ ಏರಿದಷ್ಟೂ ದಪ್ಪ. ದೇಶದೇಶಗಳ ಸ್ವಭಾವ ಇಂಥದರಲ್ಲೇ ತಿಳಿಯುವುದು, ಬಿಡಿ.

ಎರಡು ತೋಳು, ಹಿಂಭಾಗ ಮುಗಿಸಿ ಫೋನಿನಲ್ಲಿ ತೋರಿಸಿದರೆ ಅವಳು ಟೀ ಶರ್ಟಿನಲ್ಲಿ ಕೂತಿದ್ದಾಳೆ! "ಅಮ್ಮಾ, ಹೊರಗೆ ಮೈನಸ್ 15. ಆದ್ರೆ ಮನೇಲಿ ಹೀಟರ್ ಇರತ್ತೆ, ಹೊರಗೆ ಹೋದ್ರೆ ದಪ್ಪ ಜಾಕೆಟ್. ಸ್ವೆಟರಿಗೆ ಮಧ್ಯೆ ಜಾಗವೇ ಇಲ್ಲ. ಕಾಲು ಮಾತ್ರ ಥಂಡಿ ಹಿಡಿಯತ್ತೆ ನೋಡು."

ತೋಳುಗಳನ್ನು ತಿರುಗಿಸಿ ನೋಡಿದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಮಣಿಕಟ್ಟಿನಲ್ಲಿ ಬಿಗಿಯಾದ ಪಟ್ಟಿ. ಮೀನಖಂಡದಿಂದ ಕಣಕಾಲಿಗೆ ಇಳಿಯಲು ಇನ್ನೇನು ಬೇಕು? ಮಣಿಕಟ್ಟಿನ ಅಂಚಿನಿಂದ ಕುಣಿಕೆ ಎತ್ತಿಕೊಂಡು ಹಿಮ್ಮಡಿ ತಿರುಗಿಸಿದೆ. ಎರಡು ತೋಳು ಎರಡು ಕಾಲುಚೀಲವಾಗಿ ಟೊರಾಂಟೊ ಸೇರಿದವು. ಈಗ ಅವಳ ರೂಮ್‌ಮೇಟಿಗೂ ಬೇಕಂತೆ. ಸ್ವೆಟರಿಗೆ ಇರುವುದು ಎರಡೇ ತೋಳು. ಹಿಂಭಾಗ ಬಿಚ್ಚದೆ ಗತಿಯಿಲ್ಲ. ಗಂಟು ಹುಡುಕುತ್ತಿದ್ದಾಗ ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತಿದರು.

"ಅಷ್ಟಗಲ ಹೆಣೆದಿದ್ದೀಯಲ್ಲೇ, ಬಿಚ್ಚಬೇಡ. ಸ್ಕೂಟರ್ ಸೀಟಿಗೆ ಹಾಕೋಣ. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿ ಬಂದು ಕೂತರೆ ಸುಡತ್ತೆ."

"ಸೀಟಿನ ಅಳತೆ ತೊಗೊಂಡು ಬನ್ನಿ" ಎಂದು ಟೇಪು ಕೊಟ್ಟು ಕಳಿಸಿದ್ದೇನೆ.